ಇಟ್ಟಿಗಿಯ ಸೀಮೆಯೂ ಕೊರಿಯದ ನುಡಿಯೂ

ಹೂವಿನ ಹಡಗಲಿಯ ಕಡೆಯ ಇಟ್ಟಿಗಿಯ ಸುತ್ತಣ ನಾಡಿನಲ್ಲಿ, ಈ ಭೂಮಿ ಯಾರದು, ಎಲ್ಲಿರುವುದು ಎಂಬೆರಡು ಪ್ರಶ್ನೆಗಳು ಪುರಾತನ ಕಾಲದಿಂದಲೂ ಒಂದನ್ನೊಂದು ಅಗಲದೆ ನಡೆದುಬಂದಿವೆ. ನೆರೆಯ ಹಿರೇಹಡಗಲಿಯಲ್ಲಿ ದೊರೆತ, ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಕಾಂಚೀಪುರದಿಂದ ಹೊರಟು, ಸಾತಾಹನಿ ರಾಷ್ಟ್ರವೆಂಬ ಅಂದಿನ ಸೀಮೆಯ ತೋಟವೊಂದರ ಸ್ವಾಮ್ಯವನ್ನು ಬ್ರಾಹ್ಮಣರಿಗೆ ಸ್ಥಿರಪಡಿಸಿತು. ಅನಂತರದ ಶತಮಾನಗಳಲ್ಲಿ ಕನ್ನಡದ ದಾನಶಾಸನಗಳು ಭೂಮಿಯ ಒಡೆತನವನ್ನು ನಾಲ್ಕು ದಿಕ್ಕುಗಳ ಎಲ್ಲೆಯಿಂದ ನಿರ್ಣಯಿಸಿದುವು: ಮೂಡಣಕ್ಕೆ ಹಳ್ಳ, ತೆಂಕಣಕ್ಕೆ ದಾರಿ, ಪಡುವಣಕ್ಕೆ ನೆಟ್ಟ ಕಲ್ಲು, ಬಡಗಣಕ್ಕೆ ಮತ್ತೊಬ್ಬನ ಹೊಲ. 1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ ಅದರ ಕಲೆಕ್ಟರನಾದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿದನು. ಕಾಲಕ್ರಮದಲ್ಲಿ ಸರ್ವೆ ನಂಬರುಗಳೂ ಬಂದುವು. ಆದರೂ ಕ್ರಯಪತ್ರದ ಚಕ್ಕುಬಂದಿಯಲ್ಲಿ ಆ ಹಳೆಯ ರೀತಿಯೇ ಇಂದಿಗೂ ಉಳಿದಿದೆ.

ಒಡೆತನವನ್ನೂ ನೆಲೆಯನ್ನೂ ಹೀಗೆ ಜೊತೆಗೂಡಿಸಿ ಹೇಳುವುದಕ್ಕೆ ನಮ್ಮ ವ್ಯಾಕರಣವೂ ಅನುಕೂಲವಾಗಿಯೇ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಗಳನ್ನು ನಿರೂಪಿಸುವಾಗ, ಸಂಬಂಧವನ್ನು ಸೂಚಿಸುವ ಷಷ್ಠಿಯ ಬೆನ್ನಿಗೇ ನೆಲೆಯನ್ನು ಸೂಚಿಸುವ ಸಪ್ತಮಿ ಬರುತ್ತದೆ. ಆಡುಮಾತಿನಲ್ಲಂತೂ ಒಡೆತನವು ಇರುವಿಕೆಯೇ ಆಗಿಬಿಡುತ್ತದೆ: ಇಟ್ಟಿಗಿಯ ಒಕ್ಕಲಿಗನು ತನ್ನ ಆಸ್ತಿಯನ್ನು ಹೇಳುವಾಗ ‘ನಮಗೆ ಎರೆ ಹೊಲ ಐತಿ’ ಎನ್ನುವನು. ಹೊಲವು ಇರುತ್ತದೆ, ಅದು ಇರುವುದು ತನಗೆ. ಹೊಂದುವುದಕ್ಕೆಂದು ಬೇರೊಂದು ಕ್ರಿಯಾಪದವನ್ನು ಅವನು ಅರಸುವುದಿಲ್ಲ.

ಸಮುದ್ರಗಳಾಚೆಯ ಕೊರಿಯದ ಭಾಷೆಯಲ್ಲಿಯೂ ಹೀಗೆಯೇ ಎಂಬುದು ನನಗೆ ಬಹಳ ಸಂತೋಷದ ವಿಷಯ. ಅಲ್ಲಿ ‘ಇತ್ತಾ’ ಎಂಬ ಒಂದೇ ಕ್ರಿಯಾಪದವು ಇರುವಿಕೆಗೂ ಒಡೆತನಕ್ಕೂ ಸಲ್ಲುತ್ತದೆ. ಇಲ್ಲದಿರುವುದನ್ನು ಹೇಳಲು, ನಮ್ಮ ‘ಇಲ್ಲ’ದಂತೆ, ಪ್ರತ್ಯೇಕ ಪದವೇ ಉಂಟು. ಸ್ಥಳವನ್ನು ಹೇಳುವಾಗ ‘ಜಿಪ್’ ಎಂಬ ಮನೆ ಮೊದಲು, ‘ಆಪ್’ ಎಂಬ ಮುಂಭಾಗ ಅನಂತರ, ಕಡೆಯಲ್ಲಿ ‘ಎ’ ಎಂಬ ಪ್ರತ್ಯಯ. ಅದು ನಮ್ಮ ‘ಮನೆಯ ಮುಂದೆ’ ಎಂಬ ಅನುಕ್ರಮವೇ. ಈ ಬಗೆಯ ಸಾದೃಶ್ಯಗಳಿಗೆ ಮರುಳಾಗಿ, ಸಿಯೋಲಿನಲ್ಲಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ರಕ್ತಸಂಬಂಧವನ್ನು ಕಲ್ಪಿಸಿ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದನು. ಆ ವಾದವನ್ನು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪಲಿಲ್ಲ, ಒಪ್ಪದಿದ್ದುದೂ ನ್ಯಾಯವೇ. ರಚನೆಯ ಹೋಲಿಕೆಯಿಂದ ವಂಶವು ಸಿದ್ಧವಾಗದು. ಆದರೆ ಕಲಿಯುವವನಿಗೆ ವಂಶದಿಂದ ಆಗಬೇಕಾದುದೇನು? ಅವನಿಗೆ ಹೋಲಿಕೆಯೇ ಸಾಕು.

ಇಂದು ಕೊರಿಯನ್ ಕಲಿಯಹೊರಟ ನಮ್ಮ ತರುಣ ತರುಣಿಯರು ಇಂಗ್ಲಿಷಿನ ಪಾಠಪುಸ್ತಕವನ್ನು ಹಿಡಿದು, ಮೊದಲು ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ಹೋಗಿ, ಅಲ್ಲಿಂದ ‘ಇತ್ತಾ’ಕ್ಕೆ ಮರಳುವ ವೃಥಾ ಶ್ರಮವನ್ನು ಪಡುತ್ತಿರುವರು. ಅವರು ತಮ್ಮ ಮನೆಮಾತಿನಿಂದಲೇ ನೇರವಾಗಿ ಆ ನುಡಿಗೆ ಹೋಗಲಿ. ಬಲ್ಲವರು ಅವರಿಗಾಗಿ ಕನ್ನಡದಲ್ಲಿಯೇ ಒಂದು ಕೊರಿಯನ್ ಬಾಲಬೋಧೆಯನ್ನು ಬರೆದುಕೊಡಲಿ.