ಬೆರಳು ಸರಿಯಿಲ್ಲವೇ, ಯಂತ್ರ ಸರಿಯಿಲ್ಲವೇ? ಬಳಕೆದಾರ ಕೇಂದ್ರಿತ ವಿನ್ಯಾಸ: ಒಂದು ಪರಿಚಯ

ಚಿಕ್ಕಬಳ್ಳಾಪುರ: ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ದುಡಿಯುವವರ ಬೆರಳುಗಳು ದಿನದ ಬಹುಪಾಲು ನೀರಿನಲ್ಲಿಯೇ ಇರುತ್ತವೆ. ಬೆಂದ ರೇಷ್ಮೆಗೂಡಿನ ಎಳೆಯ ತುದಿಯನ್ನು ಹುಡುಕಿ, ಓಡುತ್ತಿರುವ ನೂಲಿಗೆ ಅದನ್ನು ಸೇರಿಸುವ ಕೆಲಸ ಅವರದು. ಕೂದಲಿಗಿಂತಲೂ ತೆಳುವಾದ ಎಳೆಯನ್ನು ಗುರುತಿಸುವ ಆ ಬೆರಳುಗಳ ಸೂಕ್ಷ್ಮತೆಗೆ ಸಾಟಿಯಿಲ್ಲ. ಆದರೆ ಬಿಸಿನೀರು ಮತ್ತು ಸತತ ಉಜ್ಜುವಿಕೆಯಿಂದ ಬೆರಳ ತುದಿಯ ಚರ್ಮ ಮೆತ್ತಗಾಗುತ್ತದೆ, ಗೆರೆಗಳು ಸವೆಯುತ್ತವೆ. ಅದೇ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರದ ಗಾಜಿನ ಮೇಲೆ ಒತ್ತಿದಾಗ, ಹೊಂದಿಕೆಯಾಗಲಿಲ್ಲ ಎಂಬ ಉತ್ತರ ಬರುವುದುಂಟು. ಇನ್ನೊಮ್ಮೆ ಒತ್ತಿ, ಕೈ ತೊಳೆದು ಬನ್ನಿ, ಬೇರೆ ಬೆರಳು ಕೊಡಿ ಎಂಬ ಸಲಹೆಗಳ ನಂತರ ಕೊನೆಗೆ ಕೇಳಿಬರುವ ಮಾತು ಒಂದೇ: ನಿಮ್ಮ ಬೆರಳೇ ಸರಿಯಿಲ್ಲ.

ಈ ಮಾತನ್ನು ತಿರುಗಿಸಿ ಕೇಳುವ ಶಾಸ್ತ್ರವೊಂದಿದೆ. ದುಡಿದು ಸವೆದ ಬೆರಳನ್ನು ಓದಲಾರದ ಯಂತ್ರವನ್ನು, ದುಡಿಯುವವರೇ ಹೆಚ್ಚಾಗಿರುವ ಊರಿನಲ್ಲಿ ಇಟ್ಟರೆ ತಪ್ಪು ಬೆರಳಿನದೋ, ಯಂತ್ರದ್ದೋ? ಇದೇ ಬಳಕೆದಾರ ಕೇಂದ್ರಿತ ವಿನ್ಯಾಸದ ಮೂಲ ಪ್ರಶ್ನೆ.

ಏನಿದು?

ಒಂದು ವಸ್ತು, ಯಂತ್ರ ಅಥವಾ ಸೇವೆಯನ್ನು ರೂಪಿಸುವಾಗ ತಯಾರಕನ ಅನುಕೂಲದಿಂದ ಹೊರಡದೆ, ಅದನ್ನು ಬಳಸುವವರ ಕೈ, ಕಣ್ಣು, ಕಿವಿ, ಭಾಷೆ, ಬಿಡುವು ಮತ್ತು ಬಳಸುವ ಸ್ಥಳದಿಂದ ಹೊರಡುವ ಕ್ರಮಕ್ಕೆ ಈ ಹೆಸರು. ಇದರಲ್ಲಿ ನಾಲ್ಕು ಹಂತಗಳಿವೆ. ಬಳಸುವವರು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಬಳಸುತ್ತಾರೆ ಎಂಬುದನ್ನು ಅರಿಯುವುದು, ಅವರ ಅಗತ್ಯವನ್ನು ನಿರ್ದಿಷ್ಟಪಡಿಸುವುದು, ವಿನ್ಯಾಸ ರೂಪಿಸುವುದು, ಅದನ್ನು ಅವರ ಕೈಗೇ ಕೊಟ್ಟು ಪರೀಕ್ಷಿಸುವುದು. ಪರೀಕ್ಷೆಯಲ್ಲಿ ಎಡವಿದರೆ ಮತ್ತೆ ಮೊದಲಿನಿಂದ ಆರಂಭ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1999ರಲ್ಲಿ ಈ ಕ್ರಮಕ್ಕೆ ಒಂದು ಮಾನಕವನ್ನು ಪ್ರಕಟಿಸಿತು. 2010ರಲ್ಲಿ ಅದರ ಸ್ಥಾನಕ್ಕೆ ಬಂದ ಐಎಸ್‌ಒ 9241-210 ಎಂಬ ಮಾನಕವು 2019ರಲ್ಲಿ ಪರಿಷ್ಕೃತಗೊಂಡಿದೆ.

ಹಿನ್ನೆಲೆ

ಈ ಚಿಂತನೆಯನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ಪ್ರಮುಖರು. ಬಾಗಿಲು, ಒಲೆ, ದೂರವಾಣಿ ಮೊದಲಾದ ದಿನಬಳಕೆಯ ವಸ್ತುಗಳ ಮನೋವಿಜ್ಞಾನವನ್ನು ಕುರಿತ ಅವರ ಪುಸ್ತಕ 1988ರಲ್ಲಿ ಹೊರಬಂದಿತು. ತಳ್ಳಬೇಕಾದ ಬಾಗಿಲಿಗೆ ಎಳೆಯುವ ಹಿಡಿ ಹಾಕಿ, ಮೇಲೆ ‘ತಳ್ಳಿರಿ’ ಎಂದು ಬರೆಯಬೇಕಾಗಿ ಬಂದರೆ ಅದು ಬಾಗಿಲಿನ ದೋಷವೇ ಹೊರತು ಜನರ ದಡ್ಡತನವಲ್ಲ ಎಂಬುದು ಅವರ ವಾದದ ತಿರುಳು.

ಭಾರತದಲ್ಲಿ ಈ ವಿಚಾರಕ್ಕೆ ಇನ್ನೂ ಹಳೆಯ ಬೇರಿದೆ. ಕೇಂದ್ರ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಸಲ್ಲಿಸಿದ ವರದಿಯಲ್ಲಿ ಉತ್ತಮ ವಿನ್ಯಾಸಕ್ಕೆ ಉದಾಹರಣೆಯಾಗಿ ಎತ್ತಿ ತೋರಿಸಿದ್ದು ನಮ್ಮ ಮನೆಮನೆಯ ಚೆಂಬನ್ನು. ಅದು ಅಂಗೈಗೆ ಹೇಗೆ ಕೂರುತ್ತದೆ, ಸೊಂಟದ ಮೇಲೆ ಹೇಗೆ ನಿಲ್ಲುತ್ತದೆ, ತುಂಬಿದಾಗ ಮತ್ತು ಬರಿದಾದಾಗ ಅದರ ಸಮತೋಲ ಹೇಗಿರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟವನು ಒಬ್ಬ ವಿನ್ಯಾಸಕಾರನಲ್ಲ, ತಲೆಮಾರುಗಳ ಬಳಕೆ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು.

ರೇಷ್ಮೆ ಸೀಮೆಯ ಪಾಠ

ಚೆಂಬಿಗೆ ಹೇಳಿದ ಮಾತು ರೇಷ್ಮೆ ಕಸುಬಿನ ಸಲಕರಣೆಗಳಿಗೂ ಸಲ್ಲುತ್ತದೆ. ಹಣ್ಣಾದ ಹುಳು ಗೂಡು ಕಟ್ಟಲು ಬಳಸುವ ಬಿದಿರಿನ ಚಂದ್ರಿಕೆ (ಈ ಭಾಗದ ಆಡುಮಾತಿನಲ್ಲಿ ಚಂದ್ರಂಕಿ) ಇದಕ್ಕೆ ನಿದರ್ಶನ. ಚಾಪೆಯ ಮೇಲೆ ಸುರುಳಿಯಾಗಿ ಸುತ್ತಿದ ಬಿದಿರಿನ ಪಟ್ಟಿ ಹುಳುವಿಗೆ ಗೂಡು ಕಟ್ಟಲು ಮೂಲೆ ಒದಗಿಸುತ್ತದೆ; ನೆಟ್ಟಗೆ ನಿಲ್ಲಿಸಿದರೆ ಗಾಳಿಯಾಡುತ್ತದೆ, ಹುಳುವಿನ ಮೂತ್ರ ಗೂಡಿಗೆ ತಾಗದೆ ಕೆಳಗೆ ಇಳಿಯುತ್ತದೆ. ಇಲ್ಲಿ ಬಳಕೆದಾರರು ಇಬ್ಬರು: ರೈತ ಮತ್ತು ಹುಳು. ಇಬ್ಬರಿಗೂ ಒಗ್ಗಿದ್ದರಿಂದಲೇ ಚಂದ್ರಿಕೆ ಬಹುಕಾಲ ಬಾಳಿತು.

ನೂಲು ಬಿಚ್ಚಾಣಿಕೆಯಲ್ಲಿ ಕಥೆ ಬೇರೆ. ಹಳೆಯ ಚರಕದಲ್ಲಿ ಗೂಡು ಬೇಯಿಸುವುದು ಮತ್ತು ನೂಲು ತೆಗೆಯುವುದು ಒಂದೇ ಕುದಿನೀರಿನ ಬಾಣಲೆಯಲ್ಲಿ. ಅಗ್ಗದ ಸಾಧನವೇನೋ ಹೌದು, ಆದರೆ ಅದರ ಬೆಲೆಯನ್ನು ತೆತ್ತದ್ದು ಕೈ. ನಂತರ ಬಂದ ಕಾಟೇಜ್ ಬೇಸಿನ್‌ನಲ್ಲಿ ಗೂಡು ಬೇಯಿಸುವ ಕೆಲಸವನ್ನು ಪ್ರತ್ಯೇಕಿಸಿ, ನೂಲು ತೆಗೆಯಲು ಬೆಚ್ಚಗಿನ ನೀರಿನ ತೊಟ್ಟಿಯನ್ನು ಇಡಲಾಯಿತು. ಸ್ವಯಂಚಾಲಿತ ಯಂತ್ರಗಳಲ್ಲಿ ಬೆರಳಿನ ಪಾತ್ರ ಇನ್ನಷ್ಟು ಕಡಿಮೆ. ಒಂದೇ ಕೆಲಸಕ್ಕೆ ಮೂರು ಸಾಧನ. ನೂಲಿನ ಗುಣಮಟ್ಟ ಮತ್ತು ಇಳುವರಿಯ ಲೆಕ್ಕ ಎಲ್ಲೆಡೆ ಸಿಗುತ್ತದೆ. ಬಳಸುವವರ ಕೈಗೆ ಏನಾಯಿತು ಎಂಬ ಲೆಕ್ಕವನ್ನೂ ಜೊತೆಗೆ ಇಡುವುದೇ ವಿನ್ಯಾಸಶಾಸ್ತ್ರ ಕಲಿಸುವ ಪಾಠ.

ನೂಲಿನ ಮುನ್ನ ಗೂಡಿನ ಮಾರಾಟ. ರಾಜ್ಯದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ರಾಮನಗರದೊಂದಿಗೆ ಶಿಡ್ಲಘಟ್ಟದ ಹೆಸರು ಸದಾ ಕೇಳಿಬರುತ್ತದೆ. 2010ರ ದಶಕದಲ್ಲಿ ರಾಜ್ಯದ ಪ್ರಮುಖ ಗೂಡು ಮಾರುಕಟ್ಟೆಗಳಿಗೆ ಇ-ಹರಾಜು ಬಂದು, ಕೂಗಿ ಹೇಳುತ್ತಿದ್ದ ಬೆಲೆ ಮೊಬೈಲ್ ಪರದೆಗೆ ಸರಿಯಿತು. ಪಾರದರ್ಶಕತೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಆದರೆ ಬಳಕೆಯ ಸ್ಥಳವನ್ನು ನೋಡಬೇಕು. ರೀಲರ್ ಒಂದು ಕೈಯಲ್ಲಿ ಗೂಡನ್ನು ಅದುಮಿ ಗಟ್ಟಿತನ ನೋಡುತ್ತಾನೆ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದಿರುತ್ತಾನೆ. ಸುತ್ತಲೂ ಗದ್ದಲ. ಇನ್ನು ಗೂಡು ಕಾಯುವ ಸರಕಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಹೊರಬಂದರೆ ಎಳೆ ತುಂಡಾಗಿ ಬೆಲೆಯೇ ಇಲ್ಲವಾಗುತ್ತದೆ. ಕಚೇರಿಯಲ್ಲಿ ಅಂತರ್ಜಾಲ ಅರ್ಧ ಗಂಟೆ ನಿಂತರೆ ಚಹಾ ಕುಡಿದು ಬರಬಹುದು. ಗೂಡು ಮಾರುಕಟ್ಟೆಯಲ್ಲಿ ನಿಂತರೆ ರೈತನ ಒಂದು ಬೆಳೆಯ ದುಡಿಮೆ ನಿಂತಂತೆ. ಸಂಪರ್ಕ ಕಡಿದಾಗ ಏನು ಮಾಡಬೇಕು ಎಂಬುದೂ ವಿನ್ಯಾಸದ ಭಾಗವೇ.

ಪಹಣಿ ಕೌಂಟರಿನ ಎರಡನೇ ಪರದೆ

ಸರ್ಕಾರಿ ಸೇವೆಯಲ್ಲಿಯೂ ಬಳಕೆದಾರನನ್ನು ನೆನೆದ ಉದಾಹರಣೆಗಳಿವೆ. ಕರ್ನಾಟಕದ ‘ಭೂಮಿ’ ಯೋಜನೆ ಅವುಗಳಲ್ಲೊಂದು. 2000ದ ದಶಕದ ಆರಂಭದಲ್ಲಿ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಗಣಕೀಕರಿಸಲಾಯಿತು. ಅಲ್ಲಿಯವರೆಗೆ ಗ್ರಾಮ ಲೆಕ್ಕಾಧಿಕಾರಿಯ ಕೈಬರಹದ ಪುಸ್ತಕವೇ ಅಂತಿಮ. ಅವರು ಸಿಕ್ಕಾಗಲೇ ಪಹಣಿ. ಹೊಸ ವ್ಯವಸ್ಥೆಯಲ್ಲಿ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ದೊರೆಯತೊಡಗಿತು.

ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿ ಮತ್ತೊಂದು. ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ ಇತ್ತು. ಸಿಬ್ಬಂದಿ ಏನು ನೋಡುತ್ತಿದ್ದಾರೋ ಅದು ರೈತನಿಗೂ ಕಾಣುತ್ತಿತ್ತು. ದಾಖಲೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು.

ಕೊರತೆಗಳೂ ಇದ್ದವು. ಊರಿನಲ್ಲಿ ಸಿಗುತ್ತಿದ್ದ ಕಾಗದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತಬೇಕಾಯಿತು. ಗೌರಿಬಿದನೂರು ಅಥವಾ ಚಿಂತಾಮಣಿಯ ಗಡಿ ಹಳ್ಳಿಯ ಕೂಲಿಕಾರನಿಗೆ ಅದು ಒಂದು ದಿನದ ಕೂಲಿ. ಹೆಸರಿನಲ್ಲಿ ಒಂದಕ್ಷರ ತಪ್ಪಾದರೂ ತಿದ್ದಿಸಿಕೊಳ್ಳಲು ಅಲೆಯಬೇಕಾಯಿತು. ಮುಂದೆ ಸೇವೆಯನ್ನು ಹೋಬಳಿ ಮಟ್ಟದ ನಾಡಕಚೇರಿಗಳಿಗೂ ಅಂತರ್ಜಾಲಕ್ಕೂ ವಿಸ್ತರಿಸಿದ್ದು ಇಂತಹ ಅನುಭವಗಳ ನಂತರ.

ಓದು ಬಾರದವರ ಯಂತ್ರ

ಪಹಣಿಗೆ ಕೌಂಟರಿನಲ್ಲಿ ಸಿಬ್ಬಂದಿಯ ನೆರವಿದೆ. ಮತದಾನದಲ್ಲಿ ಹಾಗಲ್ಲ, ಮರೆಯ ಹಿಂದೆ ಮತದಾರ ಒಬ್ಬನೇ. ಮತಯಂತ್ರದ ವಿನ್ಯಾಸದಲ್ಲಿ ಮುಂಬೈ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರು ಪಾಲ್ಗೊಂಡಿದ್ದರು. ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು. ಮತಯಂತ್ರವನ್ನು ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರಿನಲ್ಲಿ. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ. ಅಭ್ಯರ್ಥಿಯ ಹೆಸರು, ಚಿಹ್ನೆ, ದೀಪ, ಗುಂಡಿ ಎಲ್ಲವೂ ಒಂದೇ ಸಾಲಿನಲ್ಲಿವೆ. ಒತ್ತಿದೊಡನೆ ದೀಪ, ಬಳಿಕ ಶಬ್ದ. ದೃಷ್ಟಿಹೀನರಿಗೆ ಬ್ರೈಲ್ ಗುರುತು. ಕಣ್ಣಿಗೂ ಕಿವಿಗೂ ಬೆರಳಿಗೂ ಬೇರೆಬೇರೆಯಾಗಿ ಉತ್ತರ ಕೊಡುವ ಈ ಕ್ರಮವನ್ನು ವಿನ್ಯಾಸಶಾಸ್ತ್ರದಲ್ಲಿ ಮರುಸೂಚನೆ ಎನ್ನುತ್ತಾರೆ.

ಕಣ್ಣಿನ ಭಾಷೆ, ಕಿವಿಯ ಭಾಷೆ

ಚಿಹ್ನೆಯಿಂದ ಅಕ್ಷರಕ್ಕೆ ಬಂದರೆ, ಗಣಕದಲ್ಲಿ ಕನ್ನಡ ಹಿಡಿದ ದಾರಿ ಈ ವಿಷಯದಲ್ಲಿ ಅಧ್ಯಯನಯೋಗ್ಯ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಷ್ಟೇ ಸಾಕು. ‘ಕೆ’ ಒತ್ತಿದರೆ ಕ, ಶಿಫ್ಟ್‌ನೊಂದಿಗೆ ಒತ್ತಿದರೆ ಖ. ಒತ್ತಕ್ಷರಕ್ಕೆ ಬೇಕಾದ ಕೊಂಡಿಯನ್ನು ‘ಎಫ್’ ಕೀಲಿಗೆ ಕೊಡಲಾಗಿದೆ. ಕನ್ನಡ ಬಲ್ಲವನಿಗೆ ಈಗಾಗಲೇ ಗೊತ್ತಿರುವ ಕಾಗುಣಿತದ ತರ್ಕವನ್ನೇ ಯಂತ್ರಕ್ಕೆ ಕಲಿಸಿದ ಕ್ರಮವಿದು. ಅಲ್ಪ ಬದಲಾವಣೆಗಳೊಂದಿಗೆ ಇದೇ ಸರ್ಕಾರದ ಮಾನ್ಯತೆ ಪಡೆದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಕಚೇರಿಗಳಲ್ಲಿ ನೆಲೆಯೂರಿತು.

ಆದರೆ ‘ಕನ್ನಡ ಇದೆ’ ಎಂದ ಮಾತ್ರಕ್ಕೆ ಈ ಭಾಗದಲ್ಲಿ ಕೆಲಸ ಮುಗಿಯುವುದಿಲ್ಲ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿತ ಲಿಪಿ ಕನ್ನಡ. ತೆಲುಗು ಲಿಪಿ ಅವರಿಗೆ ಬಾರದು. ಗ್ರಾಂಥಿಕ ಕನ್ನಡದ ಧ್ವನಿಸಂದೇಶ ತಲೆಗೆ ಹತ್ತದು. ಓದಲು ಕನ್ನಡ, ಕೇಳಲು ತೆಲುಗು ಎಂಬ ಜೋಡಿ ಆಯ್ಕೆಯನ್ನು ಒಂದೇ ಭಾಷೆ ಆರಿಸಲು ಹೇಳುವ ಪರದೆ ಕೊಡುವುದಿಲ್ಲ. ಬಳಕೆದಾರನನ್ನು ನೋಡದೆ ನಕಾಶೆಯನ್ನು ಮಾತ್ರ ನೋಡಿದರೆ ಆಗುವ ಪ್ರಮಾದ ಇದು.

ಗೆದ್ದ ಸಾಧನ, ಸೋತ ಸಾಧನ

ಹಾಗಾದರೆ ಜನ ಒಪ್ಪಿಕೊಂಡ ಸಾಧನಗಳಲ್ಲಿ ಏನಿದೆ? ಎರಡು ಉದಾಹರಣೆ ಸಾಕು.

ಮೊದಲನೆಯದು ಮೊಬೈಲ್ ಸ್ಟಾರ್ಟರ್. ತ್ರೀ ಫೇಸ್ ವಿದ್ಯುತ್ ರಾತ್ರಿ ಯಾವ ಹೊತ್ತಿಗೋ ಬರುವ ಊರುಗಳಲ್ಲಿ, ರೈತ ಬ್ಯಾಟರಿ ಹಿಡಿದು ಹಾವು ಚೇಳುಗಳ ನಡುವೆ ಕೊಳವೆಬಾವಿಯವರೆಗೆ ನಡೆಯಬೇಕಿತ್ತು. ಸ್ಟಾರ್ಟರ್ ಡಬ್ಬಿಯೊಳಗೆ ಸಿಮ್ ಕಾರ್ಡ್ ಇರುವ ಸಾಧನ ಕೂರಿಸಿದ ಮೇಲೆ ಮನೆಯಿಂದಲೇ ಕರೆ ಮಾಡಿ ಮೋಟಾರು ಚಾಲೂ ಮಾಡಬಹುದು. ವಿದ್ಯುತ್ ಇದೆಯೇ, ಮೋಟಾರು ಓಡುತ್ತಿದೆಯೇ ಎಂಬುದನ್ನೂ ಅದು ತಿಳಿಸುತ್ತದೆ. ನೀರಿಲ್ಲದಾಗ ಮೋಟಾರನ್ನು ತಾನೇ ನಿಲ್ಲಿಸುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ. ಕೊಳವೆಬಾವಿಗಳು ಬತ್ತುವ ಈ ಜಿಲ್ಲೆಯಲ್ಲಿ ಅದರ ಮಹತ್ವವನ್ನು ವಿವರಿಸಬೇಕಿಲ್ಲ.

ಎರಡನೆಯದು ಅಂಗಡಿಯ ಧ್ವನಿಪೆಟ್ಟಿಗೆ. 2016ರಲ್ಲಿ ಯುಪಿಐ ಬಂದಾಗ ಹಣ ಕಟ್ಟುವವರ ಅನುಕೂಲ ಹೆಚ್ಚಿತು. ಮಾರುವವರ ಕೈಯಲ್ಲಿ ತಕ್ಕಡಿ, ಎದುರಿಗೆ ನಾಲ್ಕು ಗಿರಾಕಿ. ಪ್ರತಿ ಬಾರಿ ಮೊಬೈಲ್ ತೆಗೆದು ನೋಡಲು ಬಿಡುವೆಲ್ಲಿ? ಬಂದ ಮೊತ್ತವನ್ನು ಗಟ್ಟಿಯಾಗಿ ಕನ್ನಡದಲ್ಲೇ ಹೇಳುವ ಪುಟ್ಟ ಪೆಟ್ಟಿಗೆ ಆ ಕೊರತೆಯನ್ನು ನೀಗಿಸಿತು. ಸುಳ್ಳು ಪರದೆ ತೋರಿಸಿ ಹೋಗುವವರಿಗೂ ತಡೆಯಾಯಿತು.

ಸದುದ್ದೇಶವಿದ್ದೂ ಜನರ ಕೈ ಸೇರದ ಸಾಧನವೂ ನಮ್ಮಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಹಾಗೂ ಬೆಂಗಳೂರಿನ ತಂತ್ರಜ್ಞರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅಕ್ಷರ ಬಾರದವರಿಗೆ ಧ್ವನಿಯಲ್ಲಿ ಓದಿ ಹೇಳುವ, ಸ್ಮಾರ್ಟ್ ಕಾರ್ಡಿನ ಮೂಲಕ ಊರಿನವರೆಲ್ಲ ಹಂಚಿಕೊಳ್ಳಬಹುದಾದ ಕೈಗಣಕವಾಗಿತ್ತು. ಆಲೋಚನೆ ಕಾಲಕ್ಕಿಂತ ಮುಂದಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂದಾಗ ಅದು ಹಳ್ಳಿಗನ ಕೈಗೆಟುಕುವ ಬೆಲೆಯಲ್ಲಿರಲಿಲ್ಲ. ಅದೇ ಹೊತ್ತಿಗೆ ಜನ ತಮಗೆ ಬೇಕಾದುದನ್ನು, ಅಂದರೆ ದೂರದ ಮಗನೊಡನೆ ಮಾತನಾಡುವ ಅಗ್ಗದ ಮೊಬೈಲನ್ನು, ಆರಿಸಿಕೊಂಡಿದ್ದರು.

ಮತ್ತೆ ಬೆರಳಿಗೆ

ಈಗ ಆರಂಭದ ಪ್ರಶ್ನೆಗೆ ಬರೋಣ. ಬೆರಳಚ್ಚು ಹೊಂದದಿದ್ದರೆ ಪಡಿತರ ನಿರಾಕರಿಸಬಾರದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಆಧಾರ್ ಪ್ರಾಧಿಕಾರವು 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲಿ, ಬೆರಳಚ್ಚು ವಿಫಲವಾದಾಗ ಕಣ್ಣಿನ ಪಾಪೆಯ ಗುರುತು, ಮೊಬೈಲಿಗೆ ಬರುವ ಒಟಿಪಿ ಮುಂತಾದ ಪರ್ಯಾಯಗಳನ್ನು ಒದಗಿಸಬೇಕೆಂದೂ, ಯಾವುದೂ ಸಾಧ್ಯವಾಗದಿದ್ದರೆ ದಾಖಲೆ ಪರಿಶೀಲಿಸಿ, ವಹಿಯಲ್ಲಿ ಬರೆದುಕೊಂಡು ಸೌಲಭ್ಯ ನೀಡಬೇಕೆಂದೂ ತಿಳಿಸಿದೆ. ಮುಖಚಹರೆಯ ಮೂಲಕ ಗುರುತಿಸುವ ಕ್ರಮವೂ ಬಳಿಕ ಬಂದಿದೆ.

ಆದರೆ ಪರ್ಯಾಯವೂ ಬಳಕೆದಾರನಿಗೆ ಒಗ್ಗಬೇಕು. ಒಟಿಪಿ ಬರುವ ಮೊಬೈಲ್ ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗನ ಜೇಬಿನಲ್ಲಿದ್ದರೆ ಅಂಗಡಿಯ ಮುಂದೆ ನಿಂತ ತಾಯಿಗೆ ಅದು ಪರ್ಯಾಯವಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಎಲ್ಲರೂ ಬಳಸಬಲ್ಲ ವಿನ್ಯಾಸವನ್ನು ಉತ್ತೇಜಿಸುವುದು ಸರ್ಕಾರದ ಹೊಣೆ ಎಂದಿದೆ. ಆ ಆಶಯ ದುಡಿದು ಸವೆದ ಕೈಗಳಿಗೂ ಅನ್ವಯಿಸಬೇಡವೇ?

ಪರೀಕ್ಷಿಸುವುದು ಹೇಗೆ?

ಹೊಸ ಸಾಧನ ಕೊಳ್ಳುವಾಗ ಅಥವಾ ಹೊಸ ಸೇವೆ ಬಂದಾಗ ಸಾಮಾನ್ಯ ನಾಗರಿಕರೂ ಕೇಳಬಹುದಾದ ಪ್ರಶ್ನೆಗಳಿವು:

* ಮನೆಯ ಹಿರಿಯರು ಯಾರ ನೆರವೂ ಇಲ್ಲದೆ ಇದನ್ನು ಬಳಸಬಲ್ಲರೇ?
* ಗುಂಡಿ ಒತ್ತಿದ ಮೇಲೆ ಕೆಲಸ ಆಯಿತೋ ಇಲ್ಲವೋ ಎಂಬುದು ತಕ್ಷಣ ತಿಳಿಯುತ್ತದೆಯೇ?
* ತಪ್ಪಾಗಿ ಒತ್ತಿದರೆ ಹಿಂದಿರುಗಲು ದಾರಿ ಇದೆಯೇ?
* ವಿದ್ಯುತ್ ಅಥವಾ ಸಂಪರ್ಕ ಇಲ್ಲದಾಗ ಏನು ಗತಿ?
* ಒದ್ದೆ ಕೈ, ಬಿಸಿಲು, ಗದ್ದಲ ಇವುಗಳ ನಡುವೆ ಇದು ಕೆಲಸ ಮಾಡುತ್ತದೆಯೇ?

ಇವುಗಳಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ, ದೂರಬೇಕಾದುದು ಬಳಸುವವರನ್ನಲ್ಲ. ಗೂಡಿನ ಎಳೆಯನ್ನು ಗುರುತಿಸಬಲ್ಲ ಬೆರಳನ್ನು ಯಂತ್ರ ಗುರುತಿಸದಿದ್ದರೆ, ತಿದ್ದಿಕೊಳ್ಳಬೇಕಾದುದು ಯಂತ್ರವೇ.