ವೇದಸಂದೂರು ಸೀಮೆಯ ಗಡಸು ನೀರು: ಗೀಸರ್ ಕೆಡುವುದೇಕೆ, ಉಳಿಸಿಕೊಳ್ಳುವುದು ಹೇಗೆ?

ಗೀಸರ್ ತಂದು ಎರಡು ವರ್ಷ ತುಂಬುವುದರೊಳಗೆ ಕಾಯಿಲ್ ಸುಟ್ಟುಹೋಯಿತು, ವಾಷಿಂಗ್ ಮೆಷಿನ್‌ಗೆ ನೀರೇ ಏರುತ್ತಿಲ್ಲ, ನಲ್ಲಿಯ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿದೆ. ದಿಂಡಿಗಲ್ ಜಿಲ್ಲೆಯ ವೇದಸಂದೂರು ಸುತ್ತಿನಲ್ಲಿ ಬೋರ್‌ವೆಲ್ ನೀರು ಬಳಸುವ ಮನೆಗಳಿಗೆ ಇದು ಹೊಸ ಮಾತಲ್ಲ. ಅಂಗಡಿಯವರನ್ನು ಬೈಯುವ ಮೊದಲು ನೀರಿನ ಗುಣ ತಿಳಿದುಕೊಳ್ಳುವುದು ಒಳ್ಳೆಯದು.

ಗಡಸು ಬೇರೆ, ಉಪ್ಪು ಬೇರೆ

ತಮಿಳಿನಲ್ಲಿ 'ಉಪ್ಪುತ್ತಣ್ಣಿ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಉಪ್ಪು ರುಚಿಯ ನೀರೆಲ್ಲ ಗಡಸಲ್ಲ, ಗಡಸು ನೀರೆಲ್ಲ ನಾಲಿಗೆಗೆ ಉಪ್ಪೆನಿಸುವುದೂ ಇಲ್ಲ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಇಲ್ಲಿನದು ಗಟ್ಟಿ ಬಂಡೆಯ ನೆಲ. ಮಳೆ ಕಡಿಮೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಇದರ ಜೊತೆಗೆ ದಿಂಡಿಗಲ್ ಸುತ್ತಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳ ತ್ಯಾಜ್ಯದಿಂದ ಅಂತರ್ಜಲ ಕೆಟ್ಟಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಕಂಬಂ ಕಣಿವೆಯ ಮಾತು ಬೇರೆ. ಅಲ್ಲಿಗೆ 1895ರಿಂದ ಪೆರಿಯಾರ್ ಅಣೆಕಟ್ಟೆಯ ನೀರು ಬರುತ್ತಿದೆ. ಮಳೆಯಿಂದ ತುಂಬುವ ಇಂಥ ಹೊಳೆನೀರು ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು.

ಎಷ್ಟಿದ್ದರೆ ಗಡಸು?

ಭಾರತೀಯ ಮಾನಕ ಬ್ಯೂರೋದ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿ ಹಾಕಿಲ್ಲ. ಅಂದರೆ ತೊಂದರೆ ಹೆಚ್ಚಾಗಿ ಪಾತ್ರೆಗೆ, ಯಂತ್ರಕ್ಕೆ, ಜೇಬಿಗೆ. ಫ್ಲೋರೈಡ್, ನೈಟ್ರೇಟ್ ಬೇರೆಯೇ ವಿಷಯ. ನೀರು ಕಾಯಿಸಿದರೆ ಅವು ಹೋಗುವುದಿಲ್ಲ.

ಯಂತ್ರದೊಳಗೆ ಏನಾಗುತ್ತದೆ?

ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದೇ ಆ ಬಿಳಿ ಹಕ್ಕಳೆ. ಲೀಟರ್‌ಗೆ 400 ಮಿಲಿಗ್ರಾಂ ಗಡಸುತನವಿರುವ ನೀರನ್ನು ದಿನಕ್ಕೆ 50 ಲೀಟರ್ ಕಾಯಿಸಿದರೆ 20 ಗ್ರಾಂ ಲವಣ ಗೀಸರ್ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಒಳಗೆ ಕೂತರೂ ವರ್ಷಕ್ಕೆ ಮುಕ್ಕಾಲು ಕಿಲೋ ಹತ್ತಿರ!

ಈ ಹಕ್ಕಳೆ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಕಾಯಿಲ್‌ನ ಶಾಖ ನೀರಿಗೆ ಇಳಿಯದೆ ಕಾಯಿಲ್ ತಾನೇ ಕಾದು ಸುಡುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ವಾಷಿಂಗ್ ಮೆಷಿನ್‌ನಲ್ಲಿ ನೀರು ಬರುವ ಕಡೆಯ ಜಾಲರಿ ಕಟ್ಟಿಕೊಳ್ಳುತ್ತದೆ. ಸೋಪು ನೊರೆ ಕೊಡದೆ ಜಿಡ್ಡುಗಟ್ಟಿ ಬಟ್ಟೆ ಬಿರುಸಾಗುತ್ತದೆ.

ಇದು ಪ್ರಾಣದ ಮಾತು

ಗೀಸರ್‌ನ ಸೇಫ್ಟಿ ವಾಲ್ವ್‌ನಲ್ಲಿ ಸುಣ್ಣ ಕಟ್ಟಿದರೆ ಒಳಗಿನ ಒತ್ತಡ ಹೊರಹೋಗುವ ದಾರಿ ಮುಚ್ಚುತ್ತದೆ. ಇಮ್ಮರ್ಶನ್ ರಾಡ್‌ನ ಹೊರಕವಚ ಸವೆದು ತೂತಾದರೆ ಬಕೆಟ್ ನೀರಿಗೆ ಕರೆಂಟ್ ಹರಿಯಬಹುದು. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಿ. ಮನೆಗೆ ಅರ್ತಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ (ಆರ್‌ಸಿಸಿಬಿ) ಇರಲಿ.

ಮನೆಯಲ್ಲೇ ಮಾಡಬಹುದಾದದ್ದು

* ಗೀಸರ್ ಬಿಸಿಯನ್ನು 50-55 ಡಿಗ್ರಿಗೆ ಇಡಿ. ಬಿಸಿ ಹೆಚ್ಚಿದಷ್ಟೂ ಹಕ್ಕಳೆ ಹೆಚ್ಚು. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆಸಿ ಒಳಗೆ ತೊಳೆಸಿ, ವಾಲ್ವ್ ಮತ್ತು ಆನೋಡ್ ರಾಡ್ ನೋಡಿಸಿ.
* ಕೆಟಲ್, ನಲ್ಲಿಯ ಜಾಲರಿಗೆ: ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.
* ಇಡ್ಲಿ ಪಾತ್ರೆಯ ನೀರಿಗೆ ಚೂರು ಹುಣಸೆಹಣ್ಣು ಹಾಕುವ ಅಜ್ಜಿಯರ ಪದ್ಧತಿಯಲ್ಲೂ ಇದೇ ಹುಳಿಯ ಗುಣವಿದೆ.
* ಸೋಲಾರ್ ಹೀಟರ್ ಕೊಳ್ಳುವವರು ತಾಮ್ರದ ಕೊಳವೆಯದಾದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ಕೇಳಿ.
* ಇನ್ವರ್ಟರ್ ಬ್ಯಾಟರಿಗೆ ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಮಾತ್ರ.

ಮಾರಾಟಗಾರರ ಮಾತಿಗೆ ಮರುಳಾಗಬೇಡಿ

ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಒಟ್ಟು ಲವಣದ ಅಂದಾಜು ಕೊಡುತ್ತದೆ, ಗಡಸುತನವನ್ನಲ್ಲ. ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟು ಕಂದು ಕೆಸರು ತೋರಿಸುತ್ತಾರಲ್ಲ, ಆ ಬಣ್ಣ ಬಹುಪಾಲು ಕಬ್ಬಿಣದ ಕಡ್ಡಿಯದೇ. ನೀರಿನ ಪರೀಕ್ಷೆಗೆ ತಮಿಳುನಾಡು ಕುಡಿನೀರು ವಡಿಕಾಲ್ ವಾರಿಯದ (ಟ್ವಾಡ್) ಪ್ರಯೋಗಾಲಯಗಳಿವೆ. ವರದಿ ಕೈಗೆ ಬಂದ ಮೇಲೆ ಯಂತ್ರ ಕೊಳ್ಳಿ.

ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಯಂತ್ರಗಳಿಗೆ ಅದು ಒಳ್ಳೆಯದು. ಬಿಪಿ ಇರುವವರು ಆ ನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಆರ್‌ಒ ಕುಡಿಯುವ ನೀರಿಗೆ ಸಾಕು, ಆದರೆ ಸಾಕಷ್ಟು ನೀರನ್ನು ಹೊರಚೆಲ್ಲುತ್ತದೆ. ಅದನ್ನು ನೆಲ ಒರೆಸಲು, ಕಕ್ಕಸಿಗೆ ಬಳಸಬಹುದು.

ಸೂರಿನ ನೀರೇ ಮೆದು

ತಮಿಳುನಾಡಿನಲ್ಲಿ ಮಳೆನೀರು ಕೊಯ್ಲು 2003ರಲ್ಲೇ ಕಡ್ಡಾಯವಾಯಿತು. 500 ಚದರಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 460 ಲೀಟರ್ ನೀರು. ಮೊದಲ ಮಳೆಯ ಕೊಳೆ ಹರಿಯಬಿಟ್ಟು, ಐಪ್ಪಸಿ-ಕಾರ್ತಿಕದ ಮಳೆಯನ್ನು ತೊಟ್ಟಿಗೆ ತುಂಬಿಕೊಂಡರೆ ಬಟ್ಟೆಗೂ ಗೀಸರ್‌ಗೂ ಅದಕ್ಕಿಂತ ಮೆದುವಾದ ನೀರು ಕಾಸು ಕೊಟ್ಟರೂ ಸಿಗದು.