ಕಡತ ಓದಿದ ಸಂಸತ್ತು

ಓಲೆಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಕವಿ ಬರೆದ ಮೂಲಪಾಠ ಯಾವುದಿರಬಹುದೆಂದು ಗೊತ್ತುಮಾಡುವ ವಿದ್ಯೆಗೆ ಗ್ರಂಥಸಂಪಾದನೆ ಎಂದು ಹೆಸರು. ಕನ್ನಡ ಎಂ.ಎ. ತರಗತಿಯಲ್ಲಿ ಅದನ್ನು ಕಲಿತವನು ನಾನು. ಆಮೇಲೆ ಬಹುಕಾಲ ಕಲಿಸಿದವನೂ ಹೌದು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ನಮಗೆಲ್ಲ ದಾರಿ ತೋರಿದ ಪುಸ್ತಕ. ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು ಇದು: ಒಂದು ಪ್ರತಿ ಮೂಡಬಿದಿರೆಯಲ್ಲಿ ದೊರೆತಿರಬಹುದು, ಇನ್ನೊಂದು ಧಾರವಾಡದ ಕಡೆ ದೊರೆತಿರಬಹುದು, ಆದರೆ ಎರಡರಲ್ಲಿಯೂ ಒಂದೇ ಕಡೆ ಒಂದೇ ಬಗೆಯ ತಪ್ಪು ಕಂಡುಬರುತ್ತಿದ್ದರೆ ಅವೆರಡಕ್ಕೂ ಮಾತೃಕೆ ಒಂದೇ ಎಂದು ತಿಳಿಯಬೇಕು. ಆಗ ನಮ್ಮ ಮುಂದಿರುವ ಸಾಕ್ಷಿಗಳು ಎರಡಲ್ಲ, ಒಂದೇ. ಪ್ರತಿಗಳನ್ನು ಎಣಿಸಬಾರದು, ತೂಗಬೇಕು.

ಈ ಮಾತು ಕಾವ್ಯದ ಮನೆಯಂಗಳವನ್ನು ದಾಟಿ ಎಲ್ಲಿಗೂ ಹೋಗದೆಂದೇ ನಾನು ತಿಳಿದಿದ್ದೆ. ನಿವೃತ್ತನಾದ ಮೇಲೆ ನಮ್ಮ ಸಂಸತ್ತಿನ ಒಂದು ವರದಿಯನ್ನು ಓದುವ ಅವಕಾಶ ಒದಗಿತು. ಅದು 2012ರ ಮೇ ತಿಂಗಳಲ್ಲಿ ಸದನಗಳ ಮುಂದೆ ಬಂದ ವರದಿ. ವಿಷಯ ಔಷಧಗಳ ಪರವಾನಗಿ. ಓದುತ್ತ ಹೋದಂತೆ, ನನ್ನ ತರಗತಿಯ ಹಳೆಯ ಪಾಠವನ್ನೇ ಯಾರೋ ದೆಹಲಿಯಲ್ಲಿ ಕುಳಿತು ಮತ್ತೆ ಒಪ್ಪಿಸುತ್ತಿದ್ದಾರೆ ಎನಿಸಿತು. ಇಂದಿನ ನನ್ನ ಮಾತು ಆ ವರದಿಯನ್ನು ಕುರಿತದ್ದು. ಆದರೆ ಕಥೆ ಸ್ವಲ್ಪ ಹಿಂದಿನಿಂದ ಆರಂಭವಾಗಬೇಕು.

ಈ ಶತಮಾನಕ್ಕೆ ಹಿಂದಿನ ಶತಮಾನದ ಮೂರನೆಯ ದಶಕದಲ್ಲಿ ಭಾರತದ ಮಾರುಕಟ್ಟೆ ಕಲಬೆರಕೆ ಔಷಧಗಳಿಂದ ತುಂಬಿತ್ತು. ಮಲೇರಿಯಾ ಜ್ವರಕ್ಕೆ ಆಗ ನೆಚ್ಚಬಹುದಾಗಿದ್ದ ಮದ್ದು ಕ್ವಿನೈನ್. ಆ ಕ್ವಿನೈನಿನಲ್ಲೇ ಕಲಬೆರಕೆ. ಜ್ವರದವನು ಗುಳಿಗೆ ನುಂಗಿದನೆಂದು ಲೆಕ್ಕ, ಮದ್ದು ಹೊಟ್ಟೆಗೆ ಹೋಗಲಿಲ್ಲ. ಅಂದಿನ ಕೇಂದ್ರ ಶಾಸಕಾಂಗದ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ 1927ರಲ್ಲಿ ಈ ಬಗ್ಗೆ ಒಂದು ಗೊತ್ತುವಳಿ ಸ್ವೀಕೃತವಾಯಿತು. ಅದರ ಫಲವಾಗಿ 1930ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಕಗೊಂಡು ಮರುವರ್ಷವೇ ವರದಿ ಕೊಟ್ಟಿತು. ವರದಿ ಬೇಗ ಬಂತು, ಕಾನೂನು ಬರಲಿಲ್ಲ. 1937ರಲ್ಲಿ ಸರ್ಕಾರ ಮಂಡಿಸಿದ ಮಸೂದೆ ವಿದೇಶದಿಂದ ಬರುವ ಔಷಧಗಳಿಗಷ್ಟೇ ಸಂಬಂಧಿಸಿತ್ತು. ಆಮದಾದದ್ದನ್ನು ಮಾತ್ರ ಪರೀಕ್ಷಿಸಿದರೆ ಇಲ್ಲಿ ತಯಾರಾಗುವುದರ ಗತಿಯೇನು ಎಂಬ ಪ್ರಶ್ನೆ ಶಾಸನಸಭೆಯ ಆಯ್ಕೆ ಸಮಿತಿಯಲ್ಲಿ ಎದ್ದಿತು. ತಯಾರಿಕೆ, ಮಾರಾಟ, ಹಂಚಿಕೆ ಎಲ್ಲವನ್ನೂ ಒಳಗೊಂಡ ಔಷಧ ಕಾಯಿದೆ 1940ರಲ್ಲಿ ಬಂದದ್ದು ಹೀಗೆ. ಪರಾಧೀನವಾಗಿದ್ದ ದೇಶದ, ಅಧಿಕಾರ ಕಡಿಮೆಯಿದ್ದ ಸಭೆ ಅದು. ಆದರೂ ತನ್ನ ಮುಂದೆ ಬಂದ ಕಾಗದವನ್ನು ಓದಿ, ಇದು ಸಾಲದು ಎಂದು ಹೇಳುವಷ್ಟು ಶ್ರದ್ಧೆಯನ್ನು ಅದು ತೋರಿಸಿತು.

ಸ್ವತಂತ್ರ ಭಾರತದ ಸಂವಿಧಾನ ಸಂಸತ್ತಿಗೆ ಬಹುದೊಡ್ಡ ಅಧಿಕಾರವನ್ನು ಕೊಟ್ಟಿತು. ಲೋಕಸಭೆಯ ಒಪ್ಪಿಗೆಯಿಲ್ಲದೆ ಯಾವ ಇಲಾಖೆಯ ಅನುದಾನದ ಬೇಡಿಕೆಯೂ ಊರ್ಜಿತವಾಗದು. ಆದರೆ ಬೇಡಿಕೆಗಳು ಹಲವು, ದಿನಗಳು ಕೆಲವೇ. ಗೊತ್ತಾದ ದಿನ ಸಂಜೆಯೊಳಗೆ ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವ ಪದ್ಧತಿಯೊಂದುಂಟು. ಅದಕ್ಕೆ ಗಿಲೊಟಿನ್ ಎನ್ನುತ್ತಾರೆ. ಫ್ರಾನ್ಸಿನ ಶಿರಚ್ಛೇದ ಯಂತ್ರದ ಹೆಸರೇ ಇದಕ್ಕೂ ಬಂದಿದೆ. ಆರೋಗ್ಯ ಇಲಾಖೆಯ ಬೇಡಿಕೆ ಈ ಕತ್ತಿಗೆ ತಲೆಯೊಡ್ಡಿದ ವರ್ಷಗಳು ಅನೇಕ. 2018ರ ಮಾರ್ಚ್‌ನಲ್ಲಂತೂ ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನೂ ಚರ್ಚೆಯಿಲ್ಲದೆಯೇ ಅಂಗೀಕರಿಸಿತು. ದೇಶದ ರೋಗಿಗಳಿಗೆ ಸಂಬಂಧಿಸಿದ ಸಾವಿರಾರು ಕೋಟಿ ರೂಪಾಯಿ ಒಂದು 'ಹೌದು'ಕಾರದಲ್ಲಿ ತೀರಿಹೋಯಿತು.

ಈ ಕೊರತೆಯನ್ನು ತುಂಬಲೆಂದೇ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿಕೊಂಡವು. ಅದಕ್ಕೆ ಮೊದಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇತ್ತು, ಅದರ ಮೂಲ 1921ರಷ್ಟು ಹಿಂದಿನದು. ಅಂದಾಜು ಸಮಿತಿಯೂ ಇತ್ತು. ಆದರೆ ಒಂದೊಂದು ಇಲಾಖೆಯನ್ನೇ ವರ್ಷದುದ್ದಕ್ಕೂ ಗಮನಿಸುವ ಸಮಿತಿಗಳು ಪೂರ್ಣಪ್ರಮಾಣದಲ್ಲಿ ಬಂದದ್ದು ಆಗಲೇ. ಆರೋಗ್ಯ ಇಲಾಖೆಯ ಸಮಿತಿ ರಾಜ್ಯಸಭೆಯ ಆಶ್ರಯದಲ್ಲಿ ನಡೆಯುತ್ತದೆ. ಎರಡೂ ಸದನಗಳ, ಎಲ್ಲ ಪಕ್ಷಗಳ ಸದಸ್ಯರು ಅದರಲ್ಲಿರುತ್ತಾರೆ. ಅದರ ಬೈಠಕ್ಕುಗಳಿಗೆ ಪತ್ರಕರ್ತರಿಲ್ಲ, ಗ್ಯಾಲರಿಯಿಲ್ಲ. ಕೂಗಾಡಿ ಪ್ರಯೋಜನವಿಲ್ಲದ ಸ್ಥಳದಲ್ಲಿ ಮನುಷ್ಯರು ಓದಲು ತೊಡಗುತ್ತಾರೆಂದು ಕಾಣುತ್ತದೆ.

ಈ ಸಮಿತಿಯ ಐವತ್ತೊಂಬತ್ತನೆಯ ವರದಿಯೇ ನಾನು ಹೇಳಹೊರಟದ್ದು. ಅಧ್ಯಕ್ಷರು ಬ್ರಜೇಶ್ ಪಾಠಕ್. ಹೊಸ ಔಷಧಗಳಿಗೆ ಅನುಮತಿ ಕೊಡುವ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಹೇಗೆ ಕೆಲಸ ಮಾಡುತ್ತಿದೆ ಎಂಬುದು ವಿಚಾರ. ಸಮಿತಿ ಉಪನ್ಯಾಸಗಳನ್ನು ಕೇಳಿ ತೃಪ್ತವಾಗಲಿಲ್ಲ. 42 ಔಷಧಗಳನ್ನು ಆರಿಸಿಕೊಂಡು, ಇವುಗಳಿಗೆ ಅನುಮತಿ ಕೊಟ್ಟ ಕಡತಗಳನ್ನು ತನ್ನಿ ಎಂದಿತು.

ಮೂರು ಕಡತಗಳು ಸಿಕ್ಕಲಿಲ್ಲ. ಪೆಫ್ಲಾಕ್ಸಸಿನ್, ಲೊಮೆಫ್ಲಾಕ್ಸಸಿನ್, ಸ್ಪಾರ್‌ಫ್ಲಾಕ್ಸಸಿನ್ ಎಂಬ ಮೂರು ಔಷಧಗಳ ಕಡತಗಳು ಪತ್ತೆಯಿಲ್ಲವೆಂದು ಸಚಿವಾಲಯವೇ ತಿಳಿಸಿತು. ಮೂರೂ ಬೇರೆ ಬೇರೆ ವರ್ಷಗಳಲ್ಲಿ ಅನುಮತಿ ಪಡೆದವು. ಹೀಗಿರಲು ಮೂರೂ ಕಳೆದುಹೋದದ್ದು ಆಕಸ್ಮಿಕವೇ ಎಂದು ಸಮಿತಿ ಸಂಶಯಪಟ್ಟಿತು. ಉಳಿದ 39ರಲ್ಲಿ 11 ಔಷಧಗಳ ವಿಷಯದಲ್ಲಿ, ನಿಯಮದ ಪ್ರಕಾರ ರೋಗಿಗಳ ಮೇಲೆ ನಡೆಯಬೇಕಾದ ಮೂರನೆಯ ಹಂತದ ಪರೀಕ್ಷೆಗಳೇ ನಡೆದಿರಲಿಲ್ಲ. 13 ಔಷಧಗಳಿಗೆ ಅಮೆರಿಕ, ಕೆನಡ, ಬ್ರಿಟನ್, ಐರೋಪ್ಯ ಒಕ್ಕೂಟ, ಆಸ್ಟ್ರೇಲಿಯ ಇವುಗಳಲ್ಲಿ ಎಲ್ಲಿಯೂ ಮಾರಾಟದ ಅನುಮತಿ ಇರಲಿಲ್ಲ. ಇನ್ನು 2008ರ ಜನವರಿಯಿಂದ 2010ರ ಅಕ್ಟೋಬರ್‌ವರೆಗೆ ಭಾರತೀಯ ರೋಗಿಗಳ ಮೇಲೆ ಪರೀಕ್ಷೆಯಾಗದೆ ಅನುಮತಿ ಪಡೆದ ಹೊಸ ಔಷಧಗಳು 31, ಹೆಚ್ಚುಕಡಿಮೆ ತಿಂಗಳಿಗೊಂದು. ಮಾರಕ ರೋಗಗಳ ಮದ್ದಿಗೆ, ಸಾರ್ವಜನಿಕ ಹಿತಕ್ಕಾಗಿ, ಪರೀಕ್ಷೆಯಿಂದ ವಿನಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿತ್ತು ನಿಜ. ಆ ಅವಕಾಶವನ್ನು ಎಲ್ಲೆಲ್ಲಿ ಬಳಸಿಕೊಂಡರು ಎಂಬುದೇ ಪ್ರಶ್ನೆ.

ಹಾಗಾದರೆ ಪರೀಕ್ಷೆಯಿಲ್ಲದೆ ಅನುಮತಿ ಕೊಟ್ಟದ್ದು ಯಾವ ಆಧಾರದ ಮೇಲೆ? ತಜ್ಞರ ಅಭಿಪ್ರಾಯದ ಮೇಲೆ. ಕಡತಗಳಲ್ಲಿ ವೈದ್ಯ ಪ್ರಾಧ್ಯಾಪಕರ ಪತ್ರಗಳಿದ್ದವು. ಸಮಿತಿ ಆ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿತು. ದೂರದೂರದ ಊರುಗಳಲ್ಲಿದ್ದ ತಜ್ಞರು, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು, ಒಂದು ಔಷಧದ ಬಗ್ಗೆ ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಅದೇ ವಾಕ್ಯಗಳಲ್ಲಿ ತಮ್ಮ ಸ್ವತಂತ್ರ ಅಭಿಪ್ರಾಯವನ್ನು ಬರೆದಿದ್ದರು! ಈ ಪತ್ರಗಳನ್ನು ಬರೆದದ್ದು ಔಷಧ ತಯಾರಕರ ಅಗೋಚರ ಹಸ್ತ, ತಜ್ಞರು ಮಾಡಿದ್ದು ಸಹಿ ಮಾತ್ರ ಎಂಬುದು ಸಮಿತಿಯ ತೀರ್ಮಾನ.

ಈ ಪುಟಗಳನ್ನು ಓದುತ್ತ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತೆ. ಇದು ಗ್ರಂಥಸಂಪಾದನೆಯಲ್ಲದೆ ಮತ್ತೇನು? ಕಡತದಲ್ಲಿ ಮೂರು ಪತ್ರಗಳಿದ್ದರೆ ಗುಮಾಸ್ತನ ಲೆಕ್ಕದಲ್ಲಿ ಮೂವರು ತಜ್ಞರ ಒಪ್ಪಿಗೆ. ಪಾಠಗಳನ್ನು ಹೋಲಿಸಿ ನೋಡಿದವನ ಲೆಕ್ಕದಲ್ಲಿ ಮಾತೃಕೆ ಒಂದೇ, ಸಾಕ್ಷಿಯೂ ಒಂದೇ, ಅದೂ ಮಾರುವವನದು. ಹಿಂದಿನ ಲಿಪಿಕಾರರು ಓಲೆಯ ಕೊನೆಯಲ್ಲಿ, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನದಲ್ಲ ಎಂದು ಕ್ಷಮೆ ಕೇಳಿಕೊಳ್ಳುತ್ತಿದ್ದರು. ಪಾಪ, ಅವರು ಪ್ರಾಮಾಣಿಕರು. ತಾವು ನಕಲುಗಾರರೆಂದು ಅವರು ಮರೆಮಾಚಲಿಲ್ಲ.

ಕೆಲವರು ದುಷ್ಟರಾದ್ದರಿಂದ ಹೀಗಾಯಿತು ಎಂದು ಹೇಳಿ ಮುಗಿಸುವುದು ಸುಲಭ. ಸಮಿತಿ ಅಷ್ಟಕ್ಕೆ ನಿಲ್ಲಲಿಲ್ಲ, ಅದೇ ಅದರ ಹೆಚ್ಚಳ. ಆ ಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಉಪನಿಯಂತ್ರಕರು ನಾಲ್ವರು, ಸಹಾಯಕ ನಿಯಂತ್ರಕರು ಐವರು. ವರ್ಷಕ್ಕೆ ಅವರ ಮುಂದೆ ಬರುವ ಅರ್ಜಿಗಳು 20,000, ಸಭೆಗಳು 200ಕ್ಕೂ ಹೆಚ್ಚು, ನ್ಯಾಯಾಲಯದ ಪ್ರಕರಣಗಳು ಸುಮಾರು 150, ಸಂಸತ್ತಿನ ಪ್ರಶ್ನೆಗಳು 700. ಕೊನೆಯ ಸಂಖ್ಯೆಯನ್ನು ತಾವು ಗಮನಿಸಬೇಕು. ಪ್ರಶ್ನೆ ಕೇಳಿ ಕೇಳಿ ಸಂಸತ್ತೂ ಆ ಒಂಬತ್ತು ಮಂದಿಯ ಹೊರೆಯನ್ನು ಹೆಚ್ಚಿಸಿತ್ತು. ಹುದ್ದೆಗಳನ್ನು ಮಂಜೂರು ಮಾಡಿ ತುಂಬದೆ ಬಿಟ್ಟದ್ದು ಸರ್ಕಾರ. ಜನರ ಹಿತಕ್ಕಿಂತ ಉದ್ಯಮದ ಆಶೋತ್ತರಗಳೇ ಆ ಸಂಸ್ಥೆಯ ಧ್ಯೇಯವಾಕ್ಯದಲ್ಲಿ ಮುಂದಾಗಿದ್ದವೆಂಬುದನ್ನೂ ಸಮಿತಿ ಎತ್ತಿ ತೋರಿಸಿತು. ಓದುವವರಿಗೆ ಸಂಬಳ ಕೊಡದ ರಾಜ್ಯದಲ್ಲಿ ಬರೆದುಕೊಡುವವರು ಹೊರಗಿನಿಂದ ಬರುತ್ತಾರೆ. ಖರ್ಚು ಮಾಡಿದ ಹಣದ ತಪಾಸಣೆಯಷ್ಟೇ, ಖರ್ಚು ಮಾಡಬೇಕಾಗಿದ್ದು ಮಾಡದೆ ಉಳಿಸಿದ ಹಣದ ತಪಾಸಣೆಯೂ ಅಗತ್ಯ.

ವರದಿಯಿಂದ ಏನಾಯಿತು? ಸಮಿತಿಯದು ಶಿಫಾರಸು ಮಾತ್ರ. ಸರ್ಕಾರ ಅದಕ್ಕೆ ಬದ್ಧವಲ್ಲ. ಆದರೂ ಪರಿಣಾಮವಾಗದಿರಲಿಲ್ಲ. ಈ ಅನುಮತಿಗಳನ್ನು ಪರಿಶೀಲಿಸಲು ತಜ್ಞರು ನೇಮಕಗೊಂಡರು. ಸರ್ಕಾರ ಕೈಗೊಂಡ ಕ್ರಮವೆಷ್ಟು, ಕೈಬಿಟ್ಟದ್ದೆಷ್ಟು ಎಂದು ಸಮಿತಿ 2013ರಲ್ಲಿ ಮತ್ತೊಂದು ವರದಿಯನ್ನೇ ತಂದಿತು. ಅದೇ ವರ್ಷದ ಜೂನ್‌ನಲ್ಲಿ ಅನಾಲ್ಜಿನ್ ಮಾರಾಟಕ್ಕೆ ನಿಷೇಧ ಬಂತು. 2014ರಲ್ಲಿ ಷರತ್ತುಗಳೊಡನೆ ನಿಷೇಧ ಹಿಂದಕ್ಕೂ ಹೋಯಿತು. ಕೇಂದ್ರದ ಒಪ್ಪಿಗೆಯಿಲ್ಲದೆಯೇ ರಾಜ್ಯಗಳ ಪರವಾನಗಿಯಿಂದ ಮಾರುಕಟ್ಟೆಗಿಳಿದಿದ್ದ ಮಿಶ್ರ ಔಷಧಗಳ ಪ್ರಶ್ನೆಯನ್ನೂ ಸಮಿತಿ ಎತ್ತಿತ್ತು. ಅವುಗಳ ಪರಿಶೀಲನೆಯ ಹೊಣೆ ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಪ್ರೊಫೆಸರ್ ಚಂದ್ರಕಾಂತ ಕೊಕಾಟೆಯವರ ಸಮಿತಿಯ ಪಾಲಿಗೆ ಬಂತು. 2016ರ ಮಾರ್ಚ್‌ನಲ್ಲಿ 344 ಮಿಶ್ರಣಗಳು ನಿಷೇಧಗೊಂಡವು. ದೆಹಲಿಯ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ರದ್ದುಮಾಡಿತು. ಸರ್ವೋಚ್ಚ ನ್ಯಾಯಾಲಯ ಮರುಪರಿಶೀಲನೆಗೆ ಆದೇಶಿಸಿತು. ಕೊನೆಗೆ 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳ ನಿಷೇಧ ಸ್ಥಿರವಾಯಿತು. ವರದಿಯಿಂದ ಅಂಗಡಿಯ ಕಪಾಟಿನವರೆಗೆ ಆರು ವರ್ಷಗಳ ಹಾದಿ.

ಎಲ್ಲವೂ ಸಮಿತಿ ಬಯಸಿದ ದಿಕ್ಕಿನಲ್ಲೇ ನಡೆಯಿತೆಂದು ಹೇಳಲಾಗದು. 2019ರ ಹೊಸ ನಿಯಮಗಳು, ಸರ್ಕಾರ ಗುರುತಿಸಿದ ದೇಶಗಳಲ್ಲಿ ಅನುಮತಿ ಪಡೆದ ಔಷಧಗಳಿಗೆ ಕೆಲವು ಷರತ್ತುಗಳ ಮೇಲೆ ಇಲ್ಲಿಯ ಪರೀಕ್ಷೆಯಿಂದ ವಿನಾಯಿತಿ ಕೊಡಲು ಅವಕಾಶ ಮಾಡಿವೆ. ಹೊಸ ಮದ್ದು ರೋಗಿಗೆ ಬೇಗ ತಲುಪಲಿ ಎಂಬುದು ಅದರ ಹಿಂದಿನ ವಾದ. ಅದು ತಳ್ಳಿಹಾಕುವ ವಾದವೇನಲ್ಲ. ಆದರೆ ವಿನಾಯಿತಿ ಹೆಚ್ಚಿದಷ್ಟೂ ಕಡತವನ್ನು ಓದುವ ಕಣ್ಣು ಹೆಚ್ಚು ಎಚ್ಚರವಾಗಿರಬೇಕಾಗುತ್ತದೆ.

ಒಂದು ಸಣ್ಣ ಮನೆಮಾತನ್ನು ಹೇಳಿ ಮುಗಿಸುತ್ತೇನೆ. 1998ರ ಸುಮಾರಿಗೆ ನನ್ನ ಮಗಳಿಗೆ ಜ್ವರ ಬಂದಿತ್ತು. ಆಗ ಅವಳಿಗೆ ಆರು ವರ್ಷ. ಬರೆದುಕೊಟ್ಟ ಚೀಟಿಯಂತೆ ನಿಮೆಸುಲೈಡ್ ಎಂಬ ಔಷಧದ ದ್ರಾವಣ ತಂದೆವು. ನನ್ನ ಹೆಂಡತಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದು ಮಕ್ಕಳಿಗೆ ಕೊಡೋದೇ ಏನ್ರೀ?" ಎಂದು ಕೇಳಿದಳು. ಮಾರಲು ಸರ್ಕಾರದ ಅನುಮತಿಯಿರುವ ಔಷಧ, ಯಾರೋ ಬಲ್ಲವರು ನೋಡಿಯೇ ಸಹಿ ಹಾಕಿರುತ್ತಾರೆ ಎಂದು ನಾನು ಸಮಾಧಾನ ಹೇಳಿದೆ. ಮಗು ಗುಣವಾಯಿತು, ಯಾರ ಮೇಲೂ ನನಗೆ ದೂರಿಲ್ಲ. 2011ರಲ್ಲಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಆ ಔಷಧ ಕೊಡುವುದನ್ನು ಸರ್ಕಾರವೇ ನಿಷೇಧಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಅಂದು ನಾನು ಹೇಳಿದ ಮಾತು ನೆನಪಾಯಿತು. 'ಯಾರೋ ಬಲ್ಲವರು ನೋಡಿಯೇ ಸಹಿ ಹಾಕಿರುತ್ತಾರೆ.' ನಾವೆಲ್ಲ ಆ ಒಂದು ವಾಕ್ಯದ ಮೇಲೆ ನಂಬಿಕೆಯಿಟ್ಟು ಮಕ್ಕಳ ಬಾಯಿಗೆ ಚಮಚ ಹಿಡಿಯುತ್ತೇವೆ. ಅದು ನಿಜವೇ ಎಂದು ನಮ್ಮ ಪರವಾಗಿ ಹೋಗಿ ನೋಡುವುದು ಸಂಸತ್ತಿನ ಕೆಲಸ. 2012ರಲ್ಲಿ ಅದು ಒಮ್ಮೆ ಹೋಗಿ ನೋಡಿತು.

ಓಲೆಗರಿ ಕಳೆದರೆ ಒಂದು ಪದ್ಯ ಕಳೆಯುತ್ತದೆ, ನಾವು ಮರುಗುತ್ತೇವೆ. ಆ ಮೂರು ಔಷಧಗಳ ಕಡತಗಳಲ್ಲಿ ಏನು ಬರೆದಿತ್ತೆಂಬುದನ್ನು ಓದಲು ಕೇಳಿದ ಸಮಿತಿಗೆ ಅವು ಸಿಗಲೇ ಇಲ್ಲ. ಆ ಗುಳಿಗೆಗಳನ್ನು ನುಂಗಿದವರು ನಮ್ಮ ನಡುವೆಯೇ ಇದ್ದಾರೆ.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ, ನಿಲಯದ ಕೃಪೆಯಿಂದ)